ನಾವು ಅವರಂಥವರಲ್ಲ, ಸ್ವಾಮಿ

ಅಮೆರಿಕ, ಯುರೋಪುಗಳಲ್ಲಿ ನೆಲೆಸಿದ ನಮ್ಮವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಒಂದಿದೆ: "ನಾವು ಅವರಂಥವರಲ್ಲ." ನ್ಯೂಜೆರ್ಸಿಯಲ್ಲಿ 'ಅವರು' ಎಂದರೆ ಮೆಕ್ಸಿಕೋ ಗಡಿ ದಾಟಿ ಬಂದವರು. ಫ್ರಾಂಕ್‌ಫರ್ಟಿನಲ್ಲಿ ತುರ್ಕಿಯವರು, ಸಿರಿಯಾದವರು. ಲಂಡನ್ನಿನಲ್ಲಿ ಪಾಕಿಸ್ತಾನಿಗಳು. ನಾವೋ, ಓದಿದವರು. ವೀಸಾ ಮುದ್ರೆ ಹಾಕಿಸಿಕೊಂಡು ಮುಂಬಾಗಿಲಿನಿಂದಲೇ ಒಳಗೆ ಹೋದವರು. ಹೊತ್ತಿಗೆ ಸರಿಯಾಗಿ ತೆರಿಗೆ ಕಟ್ಟುವವರು, ಗಲಾಟೆ ಮಾಡದೆ ಎಲ್ಲರೊಡನೆ ಬೆರೆಯುವವರು. ಆದ್ದರಿಂದ ಅಲ್ಲಿಯವರಿಗೆ ವಲಸಿಗರ ಮೇಲಿರುವ ಸಿಟ್ಟು ನಮ್ಮ ಮೇಲಿನದಲ್ಲ, 'ಅವರ' ಮೇಲಿನದು. ಈ ನಂಬಿಕೆ ಸುಳ್ಳು ಎಂಬುದು ನನ್ನ ವಾದ. ಸುಳ್ಳು ಮಾತ್ರವಲ್ಲ, ನಾಚಿಕೆಗೇಡಿನದೂ ಹೌದು.

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರದಲ್ಲಿ ತಂದಿಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕುಂದಾಪುರ, ಡೊಂಬಿವಲಿ, ಹೈದರಾಬಾದ್, ಎಡಿಸನ್ ಎಲ್ಲ ಊರುಗಳೂ ಇವೆ. ಎಡಿಸನ್‌ನಿಂದ ಚಿಕ್ಕಪ್ಪನ ಮಗ ಬರೆದ: "ಕದ್ದು ಹೋದವರಿಗೆ ಹೀಗೇ ಆಗಬೇಕು. ಇವರಿಂದ ನಮ್ಮ ಹೆಸರು ಹಾಳು." ಹತ್ತು ಹನ್ನೆರಡು ಹೆಬ್ಬೆಟ್ಟುಗಳು ಮೇಲೆದ್ದವು. ಅಮೆರಿಕದಲ್ಲಿ ಕಾಗದಪತ್ರವಿಲ್ಲದೆ ಇರುವ ಭಾರತೀಯರು 2022ರಲ್ಲಿ ಸುಮಾರು 7 ಲಕ್ಷ ಎಂದು ಪ್ಯೂ ಸಂಶೋಧನಾ ಕೇಂದ್ರ ಅಂದಾಜು ಮಾಡಿತ್ತು. ಅಷ್ಟು ಜನರೂ ಒಂದು ಕ್ಷಣದಲ್ಲಿ 'ಅವರು' ಆಗಿಬಿಟ್ಟರು.

ಏಳು ತಿಂಗಳು ಕಳೆಯಿತು. ಸೆಪ್ಟೆಂಬರ್ 19ರಂದು ಟ್ರಂಪ್ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಡಿಸಿದರು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬರುವ ಮೊದಲೇ, ದೇಶದ ಹೊರಗಿದ್ದವರೆಲ್ಲ ಕೂಡಲೇ ಮರಳಬೇಕೆಂದು ಕಂಪನಿಗಳಿಂದ ಇಮೇಲುಗಳು ಹೋದವು. ಇದೇ ತಮ್ಮ ಅಪ್ಪನ ಮಹಾಲಯ ಮಾಡಲು ಊರಿಗೆ ಬಂದಿದ್ದ. ಅಮಾವಾಸ್ಯೆಗೆ ಕಾಯದೆ, ಪಿಂಡ ಇಡದೆ, ಮೂರು ಪಟ್ಟು ದುಡ್ಡು ಕೊಟ್ಟು ವಿಮಾನ ಹತ್ತಿದ. "ನಾವೇನು ಕಳ್ಳರೇ ಅಣ್ಣಾ?" ಎಂದು ಫೋನಿನಲ್ಲಿ ಕೇಳಿದ. ಅವನ ಸಂಕಟ ನಿಜ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಫೆಬ್ರವರಿಯಲ್ಲಿ ಅವನು ಯಾವ ತಕ್ಕಡಿಯಲ್ಲಿ ಬೇರೆಯವರನ್ನು ತೂಗಿದ್ದನೋ ಅದೇ ತಕ್ಕಡಿಯಲ್ಲಿ ಈಗ ಅವನನ್ನು ಕೂರಿಸಿದ್ದರು.

ಈ ಕಥೆ ಹೊಸದಲ್ಲ. ನೂರು ವರ್ಷಗಳ ಹಿಂದೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೇ ಇದರ ವಿಚಾರಣೆ ನಡೆದು ತೀರ್ಪೂ ಬಂದಿದೆ. ಆ ಎರಡು ಮೊಕದ್ದಮೆಗಳನ್ನು, ವೀಸಾಕ್ಕೆ ಅರ್ಜಿ ಹಾಕುವ ನಮ್ಮ ಪ್ರತಿಯೊಬ್ಬ ಹುಡುಗ ಹುಡುಗಿಯೂ ಓದಬೇಕು.

ಆಗ ಅಮೆರಿಕದಲ್ಲಿ ವಲಸೆ ಬಂದವರು ಪೌರರಾಗಬೇಕಾದರೆ ಒಂದೋ 'ಬಿಳಿಯ'ರಾಗಿರಬೇಕು, ಇಲ್ಲವೇ ಆಫ್ರಿಕನ್ ಮೂಲದವರಾಗಿರಬೇಕು ಎಂಬ ಕಾನೂನಿತ್ತು. ತಾಕಾವೊ ಓಝಾವಾ ಎಂಬ ಜಪಾನಿ 20 ವರ್ಷ ಅಮೆರಿಕದ ನೆಲದಲ್ಲಿ ಬದುಕಿದ್ದ. ಬರ್ಕ್ಲಿಯಲ್ಲಿ ಹೈಸ್ಕೂಲು ಮುಗಿಸಿ ಅಲ್ಲಿಯ ವಿಶ್ವವಿದ್ಯಾಲಯದಲ್ಲೂ ಓದಿದ್ದ. ಮನೆಯಲ್ಲಿ ಇಂಗ್ಲಿಷೇ ಮಾತು. ಮಕ್ಕಳನ್ನು ಜಪಾನಿ ಶಾಲೆಗೆ ಕಳಿಸಲಿಲ್ಲ, ಜಪಾನಿನ ದೂತಾವಾಸದಲ್ಲಿ ಅವರ ಹೆಸರನ್ನೂ ಬರೆಸಲಿಲ್ಲ. 'ಬೆರೆಯುವುದು' ಎಂಬ ಪರೀಕ್ಷೆ ನಿಜವಾಗಿ ಇದ್ದಿದ್ದರೆ ಅವನಿಗೆ ಚಿನ್ನದ ಪದಕವೇ ಸಿಗಬೇಕಿತ್ತು. ಅವನ ನಡತೆ, ವಿದ್ಯೆಗಳ ಬಗ್ಗೆ ಕೋರ್ಟಿಗೂ ತಕರಾರಿರಲಿಲ್ಲ. ಆದರೂ 1922ರ ನವೆಂಬರಿನಲ್ಲಿ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಬರೆದರು: ಬಿಳಿಯ ಎಂದರೆ ಕಾಕೇಸಿಯನ್ ಜನಾಂಗದವ, ಓಝಾವಾ ಆ ಜನಾಂಗಕ್ಕೆ ಸೇರಿದವನಲ್ಲ, ಆದ್ದರಿಂದ ಪೌರತ್ವ ಇಲ್ಲ.

ಆ ಹೊತ್ತಿಗೆ ಪಂಜಾಬಿನ ಭಗತ್ ಸಿಂಗ್ ತಿಂದ್ ಎಂಬುವರ ಮೊಕದ್ದಮೆ ಸಾಲಿನಲ್ಲಿತ್ತು. ಈ ತೀರ್ಪು ನೋಡಿ ಅವರ ಪಾಳಯಕ್ಕೆ ಎಷ್ಟು ಸಮಾಧಾನವಾಗಿರಬೇಕು! ತಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ್ದರು, ಪೇಟ ಸುತ್ತಿಕೊಂಡೇ ಸಮವಸ್ತ್ರ ತೊಟ್ಟಿದ್ದರು. ಆ ಕಾಲದ ಜನಾಂಗ ಪಂಡಿತರು ಉತ್ತರ ಭಾರತೀಯರನ್ನು ಕಾಕೇಸಿಯನ್ ಎಂದೇ ವಿಂಗಡಿಸಿದ್ದರು. ಅಂದಮೇಲೆ ಸದರ್ಲೆಂಡರ ಮಾತೇ ಸಾಕ್ಷಿ. ಆದರೆ ತಿಂದ್ ಪರವಾಗಿ ಮಂಡಿಸಿದ ವಾದ ಅಲ್ಲಿಗೆ ನಿಲ್ಲಲಿಲ್ಲ. ಇವರು ಮೇಲ್ಜಾತಿಯವರು, ಶುದ್ಧ ಆರ್ಯರು. ಜಾತಿ ಪದ್ಧತಿಯಿಂದಾಗಿ ರಕ್ತ ಬೆರೆತಿಲ್ಲ. ಅಮೆರಿಕನ್ನರು ಕರಿಯರೊಡನೆ ಮದುವೆ ಸಂಬಂಧವನ್ನು ಹೇಗೆ ಹೇಸುತ್ತಾರೋ ಹಾಗೆಯೇ ಮೇಲ್ಜಾತಿಯ ಹಿಂದೂ ತನ್ನ ನೆಲದ ಮೂಲನಿವಾಸಿ ಮಂಗೋಲಾಯ್ಡರನ್ನು ಹೇಸುತ್ತಾನೆ. ಇದು ಅರ್ಜಿಯಲ್ಲಿದ್ದ ವಾದದ ತಿರುಳು. (ಕಾನೂನಿನ ಲೆಕ್ಕದಲ್ಲಿ ಭಾರತೀಯರೆಲ್ಲ 'ಹಿಂದೂ'ಗಳೇ, ಸಿಖ್ಖರೂ ಕೂಡ.) ನಾವೂ ನಿಮ್ಮ ಹಾಗೆಯೇ ಹೇಸುವವರು, ಆದ್ದರಿಂದ ನಿಮ್ಮವರು! ಬೆರೆಯುವಿಕೆಯ ಹೆಸರಿನಲ್ಲಿ ಇದಕ್ಕಿಂತ ಕೊಳಕಾದ ಮನವಿ ಯಾವುದಾದರೂ ಇದ್ದೀತೇ?

1923ರ ಫೆಬ್ರವರಿ 19ರಂದು ತೀರ್ಪು ಬಂತು. ಬರೆದವರು ಅದೇ ಸದರ್ಲೆಂಡ್. ಮೂರು ತಿಂಗಳ ಹಿಂದೆ ಹೇಳಿದ ಮಾತು ಈಗ ಬೇಡವಾಗಿತ್ತು. ಪಂಡಿತರ ಕಾಕೇಸಿಯನ್ ಲೆಕ್ಕ ಹಾಗಿರಲಿ, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಯಾರು ಬಿಳಿಯರೋ ಅವರೇ ಬಿಳಿಯರು ಎಂದರು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರೂ ಭಿನ್ನಮತ ಬರೆಯಲಿಲ್ಲ. ಬೆರೆತವನಿಗೆ ಜನಾಂಗ ಸರಿಯಿಲ್ಲ ಎಂದರು, ಜನಾಂಗ ತೋರಿಸಿದವನಿಗೆ ಬಣ್ಣ ಸರಿಯಿಲ್ಲ ಎಂದರು. ಪ್ರಶ್ನೆಪತ್ರಿಕೆ ಇವರ ಕೈಯಲ್ಲಿದೆ, ಉತ್ತರ ಸರಿಯಾದ ಕೂಡಲೇ ಪ್ರಶ್ನೆ ಬದಲಾಗುತ್ತದೆ.

ಇದರ ಏಟು ತಿಂದ್ ಒಬ್ಬರಿಗೇ ಬೀಳಲಿಲ್ಲ. ಈಗಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಹುಡುಕಿ ಹುಡುಕಿ ರದ್ದು ಮಾಡಿದರು. ಅವರಲ್ಲಿ ವೈಷ್ಣೋ ದಾಸ್ ಬಗಾಯ್ ಒಬ್ಬರು. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಬರಿಗೈಯಲ್ಲಿ ಬಂದವರಲ್ಲ, ಊರಿನ ಆಸ್ತಿ ಮಾರಿ 25,000 ಡಾಲರ್ ಬೆಲೆಯ ಚಿನ್ನ ತಂದಿದ್ದರು. ಇಂಗ್ಲಿಷ್ ಬರುತ್ತಿತ್ತು, ಸೂಟು ತೊಡುತ್ತಿದ್ದರು, ಅಂಗಡಿ ತೆರೆದರು, 1921ರಲ್ಲಿ ಪೌರತ್ವ ಪಡೆದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದ ದಿನ ನೆರೆಹೊರೆಯವರು ಆ ಮನೆಗೆ ಬೀಗ ಜಡಿದಿದ್ದರು, ಸಂಸಾರ ಬಾಗಿಲಿನಿಂದಲೇ ಹಿಂದಿರುಗಿತು. ತೀರ್ಪಿನ ನಂತರ ಪೌರತ್ವ ಹೋಯಿತು. ಪೌರತ್ವಕ್ಕೆ ಅರ್ಹರಲ್ಲದವರು ನೆಲ ಹೊಂದುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು, ಹಾಗಾಗಿ ಆಸ್ತಿಯೂ ಹೋಯಿತು. ಭಾರತಕ್ಕೊಮ್ಮೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ, ಬ್ರಿಟಿಷ್ ಪ್ರಜೆಯಾಗಿ ಹೋಗು ಎಂದರು. ಬ್ರಿಟಿಷರ ಆಳ್ವಿಕೆ ಸಹಿಸದೆ ಊರು ಬಿಟ್ಟಿದ್ದ ಮನುಷ್ಯ ಅವರು. 1928ರಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಗ್ಯಾಸ್ ತೆರೆದಿಟ್ಟು ಪ್ರಾಣ ಬಿಟ್ಟರು. ಈ ದೇಶವನ್ನು ಮನೆ ಮಾಡಿಕೊಳ್ಳುವ ಕನಸು ಹೊತ್ತು ಬಂದೆ, ಮಕ್ಕಳಿಗೆ ಅಮೆರಿಕದ ಒಳ್ಳೆಯ ಶಿಕ್ಷಣ ಕೊಡಿಸಿದೆ, ಈಗ ನನ್ನದೆನ್ನುವ ಮನೆಯೂ ಇಲ್ಲ ದೇಶವೂ ಇಲ್ಲ ಎಂಬ ಅರ್ಥದ ಪತ್ರವನ್ನು ಪತ್ರಿಕೆಗೆ ಬರೆದಿಟ್ಟಿದ್ದರು. ಬಗಾಯ್ ಇನ್ನೇನು ಬೆರೆಯಬೇಕಿತ್ತು, ಹೇಳಿ?

ಹಳೆಯ ಕಥೆ, ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ಬದಲಾಗಿದೆ, ಒಪ್ಪೋಣ. ಬದಲಾಯಿಸಿದವರು ಯಾರು? 1946ರಲ್ಲಿ ಭಾರತೀಯರಿಗೆ ಬಾಗಿಲು ಚೂರು ತೆರೆದಾಗ ಸಿಕ್ಕ ಪಾಲು ವರ್ಷಕ್ಕೆ 100 ಜನ. ಬಾಗಿಲು ನಿಜವಾಗಿ ತೆರೆದದ್ದು 1965ರ ಅಕ್ಟೋಬರ್ 3ರ ವಲಸೆ ಕಾಯ್ದೆಯಿಂದ. ಅದಕ್ಕೆ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ, ಅದೇ ವರ್ಷದ ಆಗಸ್ಟಿನಲ್ಲಿ ಮತದಾನ ಹಕ್ಕಿನ ಕಾಯ್ದೆ. ದಕ್ಷಿಣದ ರಾಜ್ಯಗಳ ಬೀದಿಗಳಲ್ಲಿ ಪೊಲೀಸ್ ನಾಯಿಗಳಿಂದ ಕಚ್ಚಿಸಿಕೊಂಡು ಆ ಕಾಲವನ್ನು ಎಳೆದು ತಂದವರು ಕಪ್ಪು ಜನ. ಮೂಲ ದೇಶ ನೋಡಿ ಮನುಷ್ಯರನ್ನು ಅಳೆಯುವುದು ನಾಚಿಕೆಗೇಡು ಎಂದು ಆ ದೇಶಕ್ಕೆ ಅನ್ನಿಸುವಂತೆ ಮಾಡಿದವರು ಅವರು. ಆ ಬಾಗಿಲಿನಿಂದ ಒಳಹೋದ ನಮ್ಮ ಡಾಕ್ಟರು, ಎಂಜಿನಿಯರುಗಳು ಅದಕ್ಕೆ ಇಟ್ಟ ಹೆಸರು 'ಮೆರಿಟ್'. ಮಗಳಿಗೆ ಕಪ್ಪು ಹುಡುಗನ ಗೆಳೆತನವಾದರೆ ಊಟ ಬಿಡುವವರೂ ಇವರೇ.

ಇನ್ನೊಂದು ತಾರೀಖು ನೋಡಿ. ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ಸಿಯಾಟಲ್. ತಿಂದ್ ಸೈನಿಕರಾಗಿದ್ದ ವಾಷಿಂಗ್ಟನ್ ರಾಜ್ಯದ್ದೇ ಊರು. ಆ ನಿರ್ಣಯ ಅಂಗೀಕಾರವಾದದ್ದು 2023ರ ಫೆಬ್ರವರಿ 21ರಂದು, ತಿಂದ್ ತೀರ್ಪಿಗೆ ನೂರು ವರ್ಷ ತುಂಬಿ ಎರಡು ದಿನ ಆಗಿತ್ತು. ಆಗ ನಮ್ಮ ಅನೇಕ ಸಂಘಟನೆಗಳು ಇದು ಹಿಂದೂಗಳ ಮೇಲಿನ ದ್ವೇಷ ಎಂದು ಬೊಬ್ಬೆ ಹಾಕಿದವು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಗೆ ರಾಜ್ಯಪಾಲರು ಸಹಿ ಹಾಕದಿದ್ದಾಗ ಸಿಹಿ ಹಂಚಿದವರನ್ನು ನಾನು ಬಲ್ಲೆ. ಜಾತಿಯನ್ನು ತೋರಿಸಿ ಬಿಳಿಯರ ಸಾಲಿಗೆ ಸೇರಲು ನೋಡಿದೆವು, ಆಗಲಿಲ್ಲ. ಈಗ ಜಾತಿಯೇ ಇಲ್ಲ ಎಂದು ಸಾಧಿಸುತ್ತಿದ್ದೇವೆ. ಅಲ್ಲಿಯ ಸಮಾಜದೊಡನೆ ಬೆರೆಯುವುದು ಹಾಗಿರಲಿ, ನಮ್ಮೂರಿನ ದಲಿತ ಸಹೋದ್ಯೋಗಿಯೊಡನೆ ಬೆರೆತೆವೇ?

ಯುರೋಪಿನ ವಿಷಯಕ್ಕೆ ಬಂದರೆ ನನಗೆ ಜರ್ಮನಿಯ ಉದಾಹರಣೆ ಮುಖ್ಯ. ಈಗ ನಮ್ಮ ವಿದ್ಯಾರ್ಥಿಗಳು ಹೆಚ್ಚು ಹೆಚ್ಚು ಹೋಗುತ್ತಿರುವ ದೇಶ ಅದು. ಅಲ್ಲಿ ಕಾಲಿಟ್ಟ ಆರು ತಿಂಗಳಲ್ಲಿ ಅವರು ಕಲಿಯುವ ಮಾತು: "ತುರ್ಕಿಯವರು ಅರವತ್ತು ವರ್ಷವಾದರೂ ಬೆರೆಯಲಿಲ್ಲ."

ಲೆಕ್ಕ ನೋಡೋಣ. ಜರ್ಮನಿಯ ಕಾರ್ಖಾನೆ, ಗಣಿಗಳಿಗೆ ಆಳು ಬೇಕಾಗಿ ತುರ್ಕಿಯೊಡನೆ ಒಪ್ಪಂದವಾದದ್ದು 1961ರಲ್ಲಿ. ಬಂದವರನ್ನು ಕರೆದದ್ದು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕಾರ್ಮಿಕ. ದುಡಿದು ವಾಪಸು ಹೋಗತಕ್ಕವರು ಎಂಬ ಎಣಿಕೆ. ಹೋಗತಕ್ಕವರಿಗೆ ಭಾಷೆ ಏಕೆ ಕಲಿಸಬೇಕು? ಸರ್ಕಾರವೇ ವಲಸಿಗರಿಗಾಗಿ ಭಾಷೆ ಮತ್ತು ಸಮಾಜದ ಪರಿಚಯದ ತರಗತಿಗಳನ್ನು ಕಾನೂನಿನ ಮೂಲಕ ವ್ಯವಸ್ಥೆ ಮಾಡಿದ್ದು 2005ರಲ್ಲಿ. ಜರ್ಮನಿಯಲ್ಲೇ ಹುಟ್ಟಿ, ಜರ್ಮನ್ ಶಾಲೆಯಲ್ಲೇ ಓದಿ, ಜರ್ಮನ್‌ನಲ್ಲೇ ಕನಸು ಕಾಣುವ ತುರ್ಕಿ ಕೂಲಿಯ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗುವ ದಾರಿ ತೆರೆದದ್ದು 2000ನೇ ಇಸವಿಯ ಜನವರಿ 1ರಂದು. ಸುಮಾರು ನಲವತ್ತು ವರ್ಷ ಹೊಸ್ತಿಲಾಚೆ ಕೂರಿಸಿ, ಒಳಗೆ ಬರಲಿಲ್ಲ ಎಂದು ದೂರಿದರೆ ಹೇಗೆ?

2000ದಿಂದ 2007ರವರೆಗೆ ಅಲ್ಲಿ ನವನಾಜಿಗಳ ಗುಂಪೊಂದು ಹತ್ತು ಜನರನ್ನು ಕೊಂದಿತು. ಅವರಲ್ಲಿ ಎಂಟು ಮಂದಿ ತುರ್ಕಿ ಮೂಲದವರು, ಒಬ್ಬ ಗ್ರೀಕ್, ಒಬ್ಬಳು ಪೊಲೀಸ್. ಹೂವು ಮಾರುವವ, ದರ್ಜಿ, ತರಕಾರಿ ಅಂಗಡಿಯವ, ಇಂಥವರು. ಪೊಲೀಸರು ವರ್ಷಗಟ್ಟಲೆ ಸತ್ತವರ ಮನೆಯವರನ್ನೇ ಸಂಶಯಪಟ್ಟರು: ಅಫೀಮಿನ ವ್ಯವಹಾರವೇ, ಕುಟುಂಬದ ದ್ವೇಷವೇ ಎಂದು. ಪತ್ರಿಕೆಗಳು ಇವಕ್ಕೆ 'ಡೋನರ್ ಕೊಲೆಗಳು' ಎಂದು ತಿಂಡಿಯ ಹೆಸರಿಟ್ಟವು. ಸತ್ಯ ಹೊರಬಿದ್ದದ್ದು 2011ರಲ್ಲಿ. ಗಂಡನನ್ನು ಕಳೆದುಕೊಂಡು, ಮೇಲಿಂದ ಅಪರಾಧಿಯಂತೆ ಠಾಣೆಯಲ್ಲಿ ಕೂತ ಆ ಹೆಂಗಸಿಗೆ ನಮ್ಮ ಎಂ.ಎಸ್. ವಿದ್ಯಾರ್ಥಿ ಬೆರೆಯುವ ಪಾಠ ಹೇಳುತ್ತಾನೆ!

ತನ್ನ ಬಗ್ಗೆ ಅಲ್ಲಿ ಏನು ಹೇಳಿದ್ದರು ಎಂಬುದು ಅವನಿಗೆ ಗೊತ್ತಿಲ್ಲ. 2000ನೇ ಇಸವಿಯಲ್ಲಿ ಚಾನ್ಸೆಲರ್ ಶ್ರೋಡರ್ ಸರ್ಕಾರ ಹೊರಗಿನ ಐಟಿ ಪರಿಣತರಿಗೆ ಪರವಾನಗಿ ಕೊಡಲು ಹೊರಟಿತು. ಆಗ ವಿರೋಧ ಪಕ್ಷದ ಯುರ್ಗೆನ್ ರ‍್ಯೂಟ್ಗರ್ಸ್ ಅವರ ಚುನಾವಣಾ ಪ್ರಚಾರದಲ್ಲಿ ಒಂದು ಘೋಷಣೆ ಹುಟ್ಟಿತು: 'ಕಿಂಡರ್ ಸ್ಟಾಟ್ ಇಂಡರ್', ಇಂಡಿಯನ್ನರ ಬದಲು ಮಕ್ಕಳು. ನಮ್ಮ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸೋಣ, ಇಂಡಿಯನ್ನರು ಏಕೆ ಎಂಬ ಭಾವ. ಆಗ ನಾವಿನ್ನೂ ಅಲ್ಲಿಗೆ ಹೋಗಿಯೇ ಇರಲಿಲ್ಲ, ಬೆರೆಯದೆ ಇರಲು ಅವಕಾಶವೂ ಸಿಕ್ಕಿರಲಿಲ್ಲ.

ಸ್ವಿಟ್ಜರ್ಲೆಂಡ್ 2009ರಲ್ಲಿ ಜನಮತ ತೆಗೆದು ಮಿನಾರುಗಳನ್ನು ಸಂವಿಧಾನದಲ್ಲೇ ನಿಷೇಧಿಸಿತು. ಇಡೀ ದೇಶದಲ್ಲಿ ಆಗ ಇದ್ದ ಮಿನಾರುಗಳು ನಾಲ್ಕು. ಡೆನ್ಮಾರ್ಕ್ 2019ರಿಂದ ಪೌರತ್ವದ ಸಮಾರಂಭದಲ್ಲಿ ಕೈ ಕುಲುಕುವುದನ್ನು ಕಡ್ಡಾಯ ಮಾಡಿತು, ಪರಸ್ತ್ರೀ ಪರಪುರುಷರ ಕೈ ಮುಟ್ಟದ ಮುಸ್ಲಿಮರನ್ನು ಸಿಕ್ಕಿಸಲು. ಮರುವರ್ಷ ಕೊರೊನಾ ಬಂತು, ಕೈ ಕುಲುಕುವುದೇ ಅಪಾಯವಾಗಿ ಸಮಾರಂಭಗಳನ್ನು ನಿಲ್ಲಿಸಬೇಕಾಯಿತು. ನಮಸ್ಕಾರವೇ ಮೇಲು ಎಂದು ಆಗ ನಾವೆಲ್ಲ ಬೀಗಿದೆವಲ್ಲ!

ಬ್ರಿಟನ್ನಿನದು ಇನ್ನೊಂದು ಬಗೆ. 1972ರಲ್ಲಿ ಇದಿ ಅಮೀನ್ ಭಾರತೀಯ ಮೂಲದವರನ್ನು ಉಗಾಂಡಾದಿಂದ ಓಡಿಸಿದಾಗ, ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತು: ದಯವಿಟ್ಟು ನಮ್ಮೂರಿಗೆ ಬರಬೇಡಿ. ಬಂದವರಲ್ಲಿ ಬಹುಪಾಲು ಗುಜರಾತಿ ವ್ಯಾಪಾರಿಗಳು, ಈಗ ಎಲ್ಲರೂ ಹೊಗಳುವ 'ಒಳ್ಳೆಯ ವಲಸಿಗರು'. ಉಗಾಂಡಾದಿಂದಲೇ ವಲಸೆ ಬಂದ ಗುಜರಾತಿ ದಂಪತಿಯ ಮಗಳು ಪ್ರೀತಿ ಪಟೇಲ್ ಗೃಹ ಸಚಿವೆಯಾಗಿ 2020ರಲ್ಲಿ ಹೊಸ ವಲಸೆ ನಿಯಮ ತಂದರು. ಈ ನಿಯಮ ಆಗ ಇದ್ದಿದ್ದರೆ ನಿಮ್ಮ ತಂದೆ ತಾಯಿ ಬರಲಾಗುತ್ತಿತ್ತೇ ಎಂದು ಕೇಳಿದಾಗ, ಆಗದೇ ಇರಬಹುದು ಎಂಬುದನ್ನು ಅವರೇ ಒಪ್ಪಿದರು. ಹತ್ತಿದ ಏಣಿಯನ್ನು ಒದೆಯುವುದೂ ಅಲ್ಲಿ ಬೆರೆತದ್ದಕ್ಕೆ ಗುರುತು.

ಈಗ ನ್ಯಾಯವಾದ ಪ್ರಶ್ನೆ. ಹಾಗಾದರೆ ವಲಸೆ ಹೋದವರು ಏನೂ ಕಲಿಯಬೇಕಾಗಿಲ್ಲವೇ? ಖಂಡಿತ ಕಲಿಯಬೇಕು. ಭಾಷೆಯನ್ನಂತೂ ಕಲಿಯಲೇಬೇಕು. ನಾನು ಮರಾಠಿ ಕಲಿತೆ, ಚೆನ್ನೈನ ಗೆಳೆಯರು ತಮಿಳು ಕಲಿತಿದ್ದಾರೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ಬಯಸುವವನು ಜರ್ಮನ್ನರು ಜರ್ಮನ್ ಕಲಿಯಿರಿ ಎಂದರೆ ತಪ್ಪು ಎನ್ನಲಾರೆ. ಕಲಿಸುವ ಏರ್ಪಾಡು ಇರಬೇಕು, ಕಲಿಯುವ ತನಕ ಮನುಷ್ಯನನ್ನು ಮನುಷ್ಯನಂತೆ ಕಾಣಬೇಕು, ಅಷ್ಟೆ. ವಲಸಿಗರ ಮನೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ದಬ್ಬಾಳಿಕೆ, ಬಲವಂತದ ಮದುವೆ ಇಲ್ಲವೇ ಎಂದರೆ, ಇದೆ. ತುರ್ಕಿ, ಪಾಕಿಸ್ತಾನಿಗಳಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ. ಅದಕ್ಕೆ ಕಾನೂನಿದೆ, ತಪ್ಪು ಮಾಡಿದವನನ್ನು ಹಿಡಿಯಲಿ. ಲಂಡನ್ನಿನಲ್ಲಿ 1979ರಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಸಂಘಟನೆಯ ಹೆಂಗಸರು ಮನೆಯೊಳಗಿನ ಗಂಡಸರ ದಬ್ಬಾಳಿಕೆಯನ್ನೂ ಬೀದಿಯ ಬಿಳಿಯರ ದ್ವೇಷವನ್ನೂ ಒಟ್ಟಿಗೇ ಎದುರಿಸುತ್ತ ಬಂದಿದ್ದಾರೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಿಲ್ಲ. 'ಏಷ್ಯಾದವರು ಕಪ್ಪು ಜನರಲ್ಲ' ಎಂಬ ಚೌಕಾಶಿಯನ್ನೂ ಮಾಡಲಿಲ್ಲ, ಸಂಘದ ಹೆಸರೇ ಅದನ್ನು ಹೇಳುತ್ತದೆ.

ಹೊಡೆಯುವವನು ಚೌಕಾಶಿಗೆ ನಿಲ್ಲುವುದೂ ಇಲ್ಲ. 2001ರ ಸೆಪ್ಟೆಂಬರ್ 11ರ ನಂತರ, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಳ್ಳಿ, ಮುಸ್ಲಿಮರಲ್ಲ ಎಂದು ಗೊತ್ತಾಗುತ್ತದೆ ಎಂದು ಅಮೆರಿಕದಲ್ಲಿರುವ ನಮ್ಮ ಅತ್ತೆಗೆ ಯಾರೋ ಬುದ್ಧಿ ಹೇಳಿದ್ದರಂತೆ. ಅದೇ ನ್ಯೂಜೆರ್ಸಿಯಲ್ಲಿ 1987ರಲ್ಲಿ 'ಡಾಟ್‌ಬಸ್ಟರ್ಸ್' ಎಂಬ ಗುಂಪು ಹುಟ್ಟಿದ್ದು ಆ ಕುಂಕುಮದ ಮೇಲಿನ ದ್ವೇಷಕ್ಕೇ. ಆ ದಿನಗಳಲ್ಲಿ ಹೊಬೋಕನ್‌ನ ಬೀದಿಯಲ್ಲಿ ಯುವಕರ ಗುಂಪು ಬಡಿದು ಕೊಂದದ್ದು ಒಬ್ಬ ಪಾರ್ಸಿಯನ್ನು, ಬ್ಯಾಂಕಿನ ಅಧಿಕಾರಿಯನ್ನು. ಹಾಲಿನಲ್ಲಿ ಸಕ್ಕರೆಯಂತೆ ಬೆರೆಯುತ್ತೇವೆ ಎಂದು ಗುಜರಾತಿನ ರಾಜನಿಗೆ ಮಾತು ಕೊಟ್ಟರಂತೆ ಎಂದು ನಾವು ಮುಂಬೈಯವರು ಇಂದಿಗೂ ಹೇಳುವ ಕಥೆಯ ಜನ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಾಸ್‌ನ ಓಲೇತಾದ ಬಾರಿನಲ್ಲಿ ಹೈದರಾಬಾದಿನ ಎಂಜಿನಿಯರನ್ನು ಗುಂಡಿಕ್ಕಿ ಕೊಂದವನು ತಾನು ಕೊಂದದ್ದು ಇರಾನಿಯನ್ನು ಎಂದುಕೊಂಡಿದ್ದ. ಆಗ ನಮ್ಮವರು 'ಅಯ್ಯೋ, ತಪ್ಪು ತಿಳಿದ' ಎಂದರು. ಇರಾನಿಯೇ ಆಗಿದ್ದರೆ ಸರಿ ತಿಳಿದಂತೆಯೇ? 2025ರ ಬೇಸಿಗೆಯಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಸಾಲಾಗಿ ಹಲ್ಲೆಗಳಾದವು, ಆ ಆಗಸ್ಟಿನ ಭಾರತ ದಿನಾಚರಣೆಯನ್ನೇ ಮುಂದೂಡಬೇಕಾಯಿತು. ಹೊಡೆತ ತಿಂದವರು ಆ ದೇಶ ತಾನೇ ಕೆಲಸ ಕೊಟ್ಟು ಕರೆಸಿಕೊಂಡವರು.

ಇದು ಬಿಳಿಯರ ರೋಗ ಮಾತ್ರ ಎಂದು ನಾನು ಹೇಳುತ್ತಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ 'ಮದ್ರಾಸಿ'ಗಳ ವಿರುದ್ಧ ಅಲೆ ಎದ್ದಾಗ ದಾದರಿನಲ್ಲಿದ್ದ ನಮ್ಮ ದೊಡ್ಡಪ್ಪನ ಹೋಟೆಲಿನ ಗಾಜು ಪುಡಿಯಾಯಿತು. "ನಾವು ಮದ್ರಾಸಿಗಳಲ್ಲ, ಕನ್ನಡದವರು" ಎಂದು ಅವರು ಮರಾಠಿಯಲ್ಲೇ ಕೂಗಿ ಹೇಳಿದರಂತೆ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಡಿಕ್ಕಿಯಾಗಿ ಹೆಂಗಸೊಬ್ಬರು ಸತ್ತರು. ಅರ್ಧ ಗಂಟೆಯ ನಂತರ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರು ಸುಟ್ಟಿತು. ಸುಡಾನ್ ಎಲ್ಲಿ, ಟಾಂಜಾನಿಯಾ ಎಲ್ಲಿ! 'ನಾನು ಅವರಂಥವಳಲ್ಲ' ಎನ್ನಲು ಆ ಹುಡುಗಿಗೂ ಪೂರ್ತಿ ಹಕ್ಕಿತ್ತು.

ತಿಂದ್ ಅವರ ಮುಂದಿನ ಕಥೆ ಹೇಳದೆ ಬಿಟ್ಟೆ. ಅವರಿಗೆ ಕೊನೆಗೂ ಪೌರತ್ವ ಸಿಕ್ಕಿತು, 1936ರಲ್ಲಿ, ನ್ಯೂಯಾರ್ಕಿನಲ್ಲಿ. ಆರ್ಯರೆಂದಲ್ಲ, ಮೇಲ್ಜಾತಿಯವರೆಂದಲ್ಲ. ಮೊದಲ ಮಹಾಯುದ್ಧದಲ್ಲಿ ದುಡಿದ ಏಷ್ಯಾದ ಸೈನಿಕರಿಗೆಲ್ಲ ಪೌರತ್ವ ಕೊಡಬಹುದು ಎಂದು 1935ರಲ್ಲಿ ಒಂದು ಕಾಯ್ದೆ ಬಂದಿತ್ತು. ಆ ಕಾಯ್ದೆಗಾಗಿ ವಾಷಿಂಗ್ಟನ್ನಿನಲ್ಲಿ ಸಂಸದರ ಬಾಗಿಲು ಬಾಗಿಲು ಅಲೆದವರಲ್ಲಿ ಮುಖ್ಯರಾದವರು ಟೊಕುತಾರೊ ಸ್ಲೋಕಮ್, ಆ ಯುದ್ಧದಲ್ಲೇ ಹೋರಾಡಿ ಬಂದ ಮಾಜಿ ಸೈನಿಕ. ಅವರು ಹುಟ್ಟಿದ್ದು ಜಪಾನಿನಲ್ಲಿ.